ಕೈಸಾಬೂನಿಗೊಂದು ಜಾತಕ

ಕೈಯಲ್ಲೇ ಸಾಬೂನು ತಯಾರಿಸುವ ಮನೆಗಳಲ್ಲಿ ಅಚ್ಚು, ತಕ್ಕಡಿ, ಎಣ್ಣೆ ಡಬ್ಬಗಳಷ್ಟೇ ಮುಖ್ಯವಾದದ್ದು ಬ್ಯಾಚ್ ಪುಸ್ತಕ. ಒಂದು ಸಲಕ್ಕೆ ಒಂದೇ ಪಾತ್ರೆಯಲ್ಲಿ ಕಲಸಿ ಅಚ್ಚಿಗೆ ಸುರಿದದ್ದು ಒಂದು ಬ್ಯಾಚ್. ಅದಕ್ಕೆ ಬಿದ್ದ ಎಣ್ಣೆ ಯಾವುದು, ಯಾವ ಡಬ್ಬದ್ದು, ಕಲಸಿದ್ದು ಯಾವತ್ತು, ಹೋದದ್ದು ಯಾವ ಅಂಗಡಿಗೆ ಎಂಬುದಕ್ಕೆಲ್ಲ ಪುಸ್ತಕದಲ್ಲಿ ಒಂದು ಪುಟ.

ಬರೆದಿಡಲು ಮೊದಲ ಕಾರಣ ಎಣ್ಣೆಯ ಗುಣ. ಎಣ್ಣೆ ಸಾಬೂನಾಗಲು ಕಾಸ್ಟಿಕ್ ಸೋಡಾ ಬೇಕು. ಅದರ ಪ್ರಮಾಣ ಎಣ್ಣೆಯಿಂದ ಎಣ್ಣೆಗೆ ಬೇರೆ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ, ಅಷ್ಟೇ ಹರಳೆಣ್ಣೆಗೆ ಸುಮಾರು 128 ಗ್ರಾಂ. ಸೋಡಾ ಹೆಚ್ಚಾಗಿ ಉಳಿದರೆ ಚರ್ಮ ಉರಿಯುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ಶೇ 5ರಷ್ಟು ಕಡಿಮೆ ಹಾಕುವುದು ವಾಡಿಕೆ. ‘ಕೊಬ್ಬರಿ ಎಣ್ಣೆ 1000 ಗ್ರಾಂ, ಡಬ್ಬ 7, ಸೋಡಾ 174 ಗ್ರಾಂ, ಚೀಲ 2’ ಎಂಬಂಥ ಸಾಲನ್ನು ತೂಗಿದ ಕೂಡಲೇ ಬರೆಯಬೇಕು. ಸಂಜೆ ನೆನಪಿನಿಂದ ಬರೆದ ಅಂಕಿಯನ್ನು ನಂಬುವಂತಿಲ್ಲ.

ಈ ಪುಸ್ತಕದ ನಿಜವಾದ ಬೆಲೆ ತಿಳಿಯುವುದು ಸಾಬೂನಿನ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದಾಗ. ನಾಲ್ಕರಿಂದ ಆರು ವಾರ ಒಣಗಿಸಿ, ಕಾಗದ ಸುತ್ತಿ, ಅಂಗಡಿಗೆ ಕೊಟ್ಟು ತಿಂಗಳುಗಳೇ ಕಳೆದಿರುತ್ತವೆ. ಮೊದಲು ಸಾಸಿವೆಯಷ್ಟು ಚುಕ್ಕೆ. ಆಮೇಲೆ ಅದು ಹರಡಿ ಕಮಟು ವಾಸನೆ ಬರುತ್ತದೆ. ಗಾಳಿಯ ಆಮ್ಲಜನಕ ತಾಗಿ ಎಣ್ಣೆ ಕೆಟ್ಟದ್ದರ ಗುರುತು ಇದು. ಎಣ್ಣೆ ಹಳತಾಗಿದ್ದರೆ, ಕಬ್ಬಿಣ ಅಥವಾ ತಾಮ್ರದ ಅಂಶ ಸೇರಿದ್ದರೆ ಬೇಗ ಬರುತ್ತದೆ. ಆಗ ಪುಟ ತಿರುವಿದರೆ ಡಬ್ಬ 7 ಯಾವ ಯಾವ ಬ್ಯಾಚಿಗೆ ಹೋಗಿದೆ ಎಂದು ತಿಳಿಯುತ್ತದೆ. ಮೂರು ಬ್ಯಾಚಿಗೆ ಹೋಗಿದ್ದರೆ ಆ ಮೂರನ್ನು ಮಾತ್ರ ವಾಪಸು ತರಿಸಿದರಾಯಿತು. ಪುಸ್ತಕ ಇಲ್ಲದಿದ್ದರೆ ಒಳ್ಳೆಯ ಸಾಬೂನನ್ನೂ ಸೇರಿಸಿ ಎಲ್ಲವನ್ನೂ ಎಸೆಯಬೇಕು; ಇಲ್ಲವೇ ಕೆಟ್ಟದ್ದನ್ನೂ ಮಾರಬೇಕು. ಎರಡೂ ನ್ಯಾಯವಲ್ಲ.

ಇದಕ್ಕೆ ಜೋಡಿಯಾಗಿ ದಾಸ್ತಾನು ಪುಸ್ತಕವೂ ಬೇಕು. ಸಾಮಾನು ಬಂದ ದಿನ, ಮಾರಿದವರ ಬಿಲ್ಲು, ಅವರ ಬ್ಯಾಚ್ ಸಂಖ್ಯೆ, ಮುಚ್ಚಳ ತೆಗೆದ ದಿನ, ಉಳಿಕೆ ಇವಿಷ್ಟು ಅದರಲ್ಲಿರುತ್ತವೆ. ಮುಚ್ಚಳ ತೆಗೆದ ದಿನವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಾಸ್ಟಿಕ್ ಸೋಡಾ ಗಾಳಿಯ ತೇವ ಹೀರಿ ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ಸೇರಿ ಕಸುವು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ 174 ಗ್ರಾಂ ಹೊಸ ಚೀಲದ 174 ಗ್ರಾಮಿಗೆ ಸಮವಲ್ಲ.

ಲೆಕ್ಕ ಇಡಲು ಕಾನೂನಿನ ಕಾರಣವೂ ಇದೆ. ಅದರಲ್ಲಿ ಸಾಬೂನಿನ ಸ್ಥಾನ ಮೊದಲು ಬೇರೆಯೇ ಇತ್ತು. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯ ವ್ಯಾಖ್ಯಾನ ಸಾಬೂನನ್ನು ಸೌಂದರ್ಯವರ್ಧಕಗಳಿಂದ ಹೊರಗಿಟ್ಟಿತ್ತು. ಆ ಮಾತನ್ನು ತೆಗೆದದ್ದು 1982ರ ತಿದ್ದುಪಡಿ. 2020ರಲ್ಲಿ ಸೌಂದರ್ಯವರ್ಧಕಗಳಿಗೆ ಪ್ರತ್ಯೇಕ ನಿಯಮಾವಳಿ ಬಂತು. ಮಾರಾಟಕ್ಕಾಗಿ ತಯಾರಿಸುವವರಿಗೆ ಪರವಾನಗಿ ಬೇಕು.

ಇಷ್ಟಾದರೂ ಮನೆಯ ಹಿತ್ತಿಲಿನಲ್ಲಿ ಸಾಬೂನು ಮಾಡಿ ಸಂತೆಗೆ ತರುವ ಎಷ್ಟೋ ಹೆಣ್ಣುಮಕ್ಕಳ ಲೆಕ್ಕ ಇನ್ನೂ ನೆನಪಿನಲ್ಲೇ ಇದೆ. ಕೈಗುಣದಲ್ಲಿ ಅವರಿಗೇನೂ ಕೊರತೆಯಿಲ್ಲ. ಆದರೆ ಹದ ಕಂಡ ಕೈ ದಣಿದು ಕೂತ ದಿನ ಅದರ ಜೊತೆಗೆ ಲೆಕ್ಕವೂ ಹೋಗುತ್ತದೆ. ಇನ್ನೂರು ಪುಟದ ಗೆರೆ ಪುಸ್ತಕ, ಒಂದು ಪೆನ್ನು ಇದ್ದರೆ ಅದು ಉಳಿಯುತ್ತದೆ. ಕೈಸಾಬೂನು ಕೊಳ್ಳುವವರು ಬೆಲೆ ಕೇಳುವಾಗ ಬ್ಯಾಚ್ ಸಂಖ್ಯೆಯನ್ನೂ ಕೇಳಲಿ.