ಹತ್ತು ಬೇಡಗಳ ಬಿಳಿ ಚಹಾ

ಚೀನಾದ ಫೂಜಿಯಾನ್ ಪ್ರಾಂತ್ಯದ ಫೂಡಿಂಗ್‌ನಲ್ಲಿ ಚಹಾ ಮೊಗ್ಗು ಕೀಳುವವರಿಗೆ ಹತ್ತು ಕಟ್ಟಳೆಗಳಿವೆ. ಮಳೆ ಬಂದ ದಿನ ಕೀಳಬಾರದು. ಇಬ್ಬನಿ ಆರುವ ಮುಂಚೆ ಕೀಳಬಾರದು. ಸಣಕಲು ಮೊಗ್ಗು ಬೇಡ, ನೇರಳೆಗೆ ತಿರುಗಿದ್ದು ಬೇಡ. ಗಾಳಿಗೆ ಸಿಕ್ಕಿ ಪೆಟ್ಟಾದದ್ದು, ಯಾರದೋ ಕೈ ತಾಗಿ ನಲುಗಿದ್ದು, ಹುಳ ಮುಟ್ಟಿದ್ದು, ಆಗಲೇ ಬಾಯಿ ಬಿಟ್ಟದ್ದು, ಒಳಗೆ ಟೊಳ್ಳಾದದ್ದು, ರೋಗ ತಗುಲಿದ್ದು ಯಾವುದೂ ಬೇಡ. ಇಷ್ಟೂ ಬೇಡಗಳನ್ನು ದಾಟಿ ಬುಟ್ಟಿಗೆ ಬೀಳುವ, ಬಿಳಿ ನವಿರು ಹೊದ್ದ ದಪ್ಪ ಮೊಗ್ಗೇ ‘ಬೈಹಾವೊ ಯಿನ್‌ಜೆನ್’, ಬೆಳ್ಳಿ ಸೂಜಿ. ಬಿಳಿ ಚಹಾಗಳಲ್ಲೆಲ್ಲ ಮೇಲಿನದು.

ನನ್ನನ್ನು ಈ ಚಹಾದತ್ತ ಎಳೆದದ್ದೇ ಆ ಪಟ್ಟಿ. ಏಪ್ರಿಲ್ ಮೊದಲ ವಾರದ ಛಿಂಗ್‌ಮಿಂಗ್ ಹಬ್ಬಕ್ಕೆ ಮುಂಚಿನ ಮೊಗ್ಗಿಗೇ ಹೆಚ್ಚು ಬೆಲೆ. ಇರುವುದೇ ಕೆಲವು ದಿನ, ಅದರಲ್ಲೂ ಮಳೆ ಹಿಡಿದರೆ ಕೈಕಟ್ಟಿ ಕೂರಬೇಕು.

ಕಿತ್ತ ಮೇಲೂ ಮಾಡುವುದು ಕಡಿಮೆ, ಮಾಡದೆ ಬಿಡುವುದೇ ಹೆಚ್ಚು. ಹಸಿರು ಚಹಾವನ್ನು ಬಾಣಲೆಯಲ್ಲಿ ಹುರಿಯುತ್ತಾರೆ, ಹೊಸೆಯುತ್ತಾರೆ. ಬಿಳಿ ಚಹಾಕ್ಕೆ ಅದೊಂದೂ ಇಲ್ಲ, ಬಾಡಿಸಿ ಒಣಗಿಸಿದರೆ ಮುಗಿಯಿತು. ಬಿದಿರಿನ ಅಗಲ ತಟ್ಟೆಯಲ್ಲಿ ಮೊಗ್ಗುಗಳನ್ನು ಒಂದರ ಮೇಲೊಂದು ಬೀಳದಂತೆ ತೆಳ್ಳಗೆ ಹರವುತ್ತಾರೆ. ಹರವಿದ ಮೇಲೆ ಮುಟ್ಟುವಂತಿಲ್ಲ. ಬೆರಳು ತಾಗಿ ಎಲ್ಲಾದರೂ ನಲುಗಿದರೆ ಅಲ್ಲಿಯ ರಸ ಗಾಳಿಗೆ ಕೆಂಪಾಗುತ್ತದೆ. ಒಂದೂವರೆ ದಿನದಿಂದ ಮೂರು ದಿನ ಹೀಗೇ. ಅಂಗಳದಲ್ಲಿ ಹಪ್ಪಳ ಹರವಿದ ಅಜ್ಜಿಯ ಹಾಗೆ ಮುಗಿಲು ನೋಡುತ್ತ ಕಾಯಬೇಕು. ಉತ್ತರದ ಒಣಗಾಳಿ ಬೀಸಿದರೆ ಮೊಗ್ಗು ಬೆಳ್ಳಗೆ ಒಣಗುತ್ತದೆ. ದಕ್ಷಿಣದ ತೇವದ ಗಾಳಿ ತಿರುಗಿತೋ, ಕಪ್ಪಿಡುತ್ತದೆ. ಸುಮ್ಮನೆ ಬಿದ್ದಿರುವಂತೆ ಕಾಣುವ ಈ ಹೊತ್ತಿನಲ್ಲೇ ಎಲೆಯ ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗಿ ಚಹಾಕ್ಕೆ ಸವಿ ಕೂಡುತ್ತದೆ. ಕೊನೆಗೆ ಇದ್ದಿಲಿನ ಸಣ್ಣ ಶಾಖ.

ಇತಿಹಾಸವನ್ನು ಊರಿನವರು ತೈಮು ಬೆಟ್ಟದಿಂದ ಶುರುಮಾಡುತ್ತಾರೆ. ದಡಾರ ಹಬ್ಬಿದಾಗ ಬೆಟ್ಟದ ಹೆಣ್ಣುಮಗಳೊಬ್ಬಳು ಈ ಚಹಾ ಕುಡಿಸಿ ಮಕ್ಕಳನ್ನು ಉಳಿಸಿದಳು, ಆಮೇಲೆ ದೇವತೆಯಾದಳು ಎಂಬುದು ಐತಿಹ್ಯ. ಸಾಂಗ್ ಚಕ್ರವರ್ತಿ ಹ್ವೇಯ್‌ಜೋಂಗ್ 1107ರ ಸುಮಾರಿಗೆ ಬರೆದ ಗ್ರಂಥದಲ್ಲೂ ಬಿಳಿ ಚಹಾದ ಮಾತಿದೆ. ಆದರೆ ಅದು ಹಬೆಯಲ್ಲಿ ಬೇಯಿಸಿ ಅಚ್ಚೊತ್ತಿದ ಬೇರೆಯದೇ ಚಹಾ.

ಬಿಳಿ ಚಹಾದಲ್ಲಿ ಕೆಫೀನ್ ಇಲ್ಲ, ಅದಕ್ಕೇ ಮನಸ್ಸು ತಣ್ಣಗಾಗುತ್ತದೆ ಎನ್ನುವವರಿದ್ದಾರೆ. ಅದು ಸುಳ್ಳು. ಎಳೆ ಮೊಗ್ಗಿನಲ್ಲಿ ಕೆಫೀನ್ ಧಾರಾಳವಾಗಿಯೇ ಇರುತ್ತದೆ, ಜತೆಗೆ ಥಿಯನೈನ್ ಎಂಬ ಅಮೈನೋ ಆಮ್ಲವೂ ಇರುತ್ತದೆ. ನನಗಂತೂ ನೆಮ್ಮದಿ ಸಿಗುವುದು ಕುಡಿಯುವ ಕ್ರಮದಲ್ಲಿ. ಮುಚ್ಚಳವಿರುವ ಪಿಂಗಾಣಿ ಬಟ್ಟಲಿಗೆ ನಾಲ್ಕೈದು ಗ್ರಾಂ ಸೂಜಿ ಹಾಕಿ, ಕುದಿ ಇಳಿದ ನೀರನ್ನು ಅಂಚಿನಗುಂಟ ಮೆಲ್ಲಗೆ ಸುರಿಯಬೇಕು. ಮೊದಲ ಲೋಟದಲ್ಲಿ ಬಣ್ಣವೇ ಇರುವುದಿಲ್ಲ, ರುಚಿಯೂ ಇದೆಯೋ ಇಲ್ಲವೋ ಎಂಬಷ್ಟು. ಬೆಳಕಿಗೆ ಹಿಡಿದರೆ ಮೊಗ್ಗಿನ ನವಿರು ನೀರಿನಲ್ಲಿ ತೇಲುತ್ತಿರುತ್ತದೆ. ಎರಡನೆಯ, ಮೂರನೆಯ ಸಲಕ್ಕೆ ಎಳೆ ಸೌತೆಕಾಯಿಯ ತಂಪು, ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಸಿಹಿ. ಅವಸರದವರಿಗೆ ಇದು ಬರೀ ಬಿಸಿನೀರು. ಮೆಲ್ಲಗೆ ಕುಡಿಯುವವರಿಗೆ ಮಾತ್ರ ಬಾಯಿ ಬಿಡುವ ಚಹಾ ಇದು.

ಒಂದು ವರ್ಷಕ್ಕೆ ಚಹಾ, ಮೂರು ವರ್ಷಕ್ಕೆ ಮದ್ದು, ಏಳು ವರ್ಷಕ್ಕೆ ನಿಧಿ ಎಂಬ ನುಡಿ ಫೂಡಿಂಗ್‌ನಲ್ಲಿ ಎಲ್ಲರ ಬಾಯಲ್ಲಿದೆ. ಆ ಮಾತೇ ಈಗ ಮುಳುವಾಗಿದೆ. ಹೊಸ ಎಲೆಗೆ ತೇವ, ಶಾಖ ಕೊಟ್ಟು ಕಂದಾಗಿಸಿ ಹಳೆಯದೆಂದು ಮಾರುವವರು ಹುಟ್ಟಿಕೊಂಡಿದ್ದಾರೆ. 2022ರಲ್ಲಿ ಯುನೆಸ್ಕೊ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು, ಅದರಲ್ಲಿ ಫೂಡಿಂಗ್‌ನ ಈ ವಿದ್ಯೆಯೂ ಒಂದು. ಆದರೆ ಬಾಡಿಸುವ ಕೆಲಸ ಬಹುಪಾಲು ಶಾಖ, ತೇವ ಹಿಡಿತದಲ್ಲಿರುವ ಕೋಣೆಗಳಿಗೆ ಸರಿದಿದೆ. ಅದನ್ನು ತಪ್ಪೆನ್ನಲಾರೆ. ಮಳೆ ಬಿಡದ ವಸಂತದಲ್ಲಿ ರೈತನ ಬೆಳೆ ಉಳಿಸುವುದೇ ಆ ಕೋಣೆ. ಆದರೆ ಗಾಳಿ ತಿರುಗಿದ್ದನ್ನು ಮೈಯಿಂದಲೇ ಅರಿತು ತಟ್ಟೆಗಳನ್ನು ಒಳಗೆ ಸಾಗಿಸಬಲ್ಲವರ ಅಗತ್ಯ ಅಲ್ಲಿಲ್ಲ. ಬಿಸಿಲಲ್ಲಿ ಬಾಡಿಸಿದ ಚಹಾ ಇನ್ನೂ ಸಿಗುತ್ತದೆ, ಬೆಲೆ ತುಸು ಹೆಚ್ಚು. ಕೊಳ್ಳುವವರು ಅದನ್ನೇ ಕೇಳಿ ಕೊಂಡರೆ ಬಿದಿರ ತಟ್ಟೆಗಳು ಇನ್ನಷ್ಟು ವಸಂತ ಅಂಗಳದಲ್ಲಿ ಉಳಿದಾವು.