ವ್ಯಾಪಾರಿಗೆ ಬೇಕಾದ ಚಿತ್ರ ತಿದ್ದುಪಡಿ: ಬೆಲ್ಲದ ಬಣ್ಣವೂ ಕನ್ನಡದ ಅಕ್ಷರವೂ

ಮಂಡ್ಯ, ಮದ್ದೂರು ಹಾಗೂ ಮಳವಳ್ಳಿಯ ವರ್ತಕರು ತಮ್ಮ ಸರಕಿನ ಲೇಬಲ್, ಕರಪತ್ರ, ಅಂಗಡಿಯ ನಾಮಫಲಕ ಮುಂತಾದವುಗಳಿಗಾಗಿ ಡಿ.ಟಿ.ಪಿ. ಕೇಂದ್ರಗಳಲ್ಲಿ ಕಳೆಯುವ ಸಮಯ ಕಡಿಮೆಯದೇನಲ್ಲ. ಗಣಕಯಂತ್ರದ ಮುಂದೆ ಕುಳಿತ ಯುವಕನ ಹಿಂದೆ ನಿಂತು, “ಇನ್ನೂ ಸ್ವಲ್ಪ ಬ್ರೈಟ್ ಮಾಡಪ್ಪ, ಅಕ್ಷರ ಎದ್ದು ಕಾಣ್ಲಿ” ಎನ್ನುವುದಷ್ಟೇ ಬಹುಪಾಲು ನಮ್ಮ ಪಾತ್ರವಾಗಿರುತ್ತದೆ. ಆತನೂ ಹೇಳಿದಂತೆ ಮಾಡಿಕೊಡುತ್ತಾನೆ. ಹಣ ಕೊಡುವವರಿಗೆ ಕೆಲಸದ ಪ್ರಾಥಮಿಕ ಪರಿಚಯವಿಲ್ಲದಿದ್ದಲ್ಲಿ, ಚಿತ್ರದಲ್ಲಿರುವ ಸರಕು ಒಂದು, ಗಿರಾಕಿಯ ಕೈಗೆ ತಲುಪುವ ಸರಕು ಇನ್ನೊಂದು ಎಂಬಂತಾಗುತ್ತದೆ. ಅಂಗಡಿಯ ಹೆಸರನ್ನು ರಸ್ತೆಯಲ್ಲಿ ಹೋಗುವವರು ತಪ್ಪಾಗಿ ಓದಿಕೊಳ್ಳುತ್ತಾರೆ. ಈ ಎರಡೂ ತೊಂದರೆಗಳನ್ನು ತಪ್ಪಿಸಲು ತಿಳಿದಿರಬೇಕಾದಷ್ಟನ್ನು ಇಲ್ಲಿ ನಿರೂಪಿಸಲಾಗಿದೆ.

ಚಿತ್ರ ತಿದ್ದುಪಡಿಯ ತಂತ್ರಾಂಶಗಳ ಪೈಕಿ ಅಡೋಬಿ ಸಂಸ್ಥೆಯ ಫೋಟೋಶಾಪ್ ಹೆಸರೇ ಮನೆಮಾತು. ಥಾಮಸ್ ನೋಲ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಈ ತಂತ್ರಾಂಶದ ಮೊದಲ ಆವೃತ್ತಿ 1990ರಲ್ಲಿ ಹೊರಬಂದಿತು. ಚಿತ್ರವನ್ನು ಒಂದರ ಮೇಲೊಂದು ಹೊದಿಸಿದ ಪಾರದರ್ಶಕ ಹಾಳೆಗಳಂತೆ ಪದರ ಪದರವಾಗಿ ಇಟ್ಟುಕೊಳ್ಳುವ ಲೇಯರ್ ಸೌಲಭ್ಯ 1994ರ ಮೂರನೆಯ ಆವೃತ್ತಿಯಲ್ಲಿಯೂ, ಕಲೆಗಳನ್ನು ಗುರುತು ಸಿಗದಂತೆ ಮುಚ್ಚುವ ಹೀಲಿಂಗ್ ಬ್ರಷ್ 2002ರ ಏಳನೆಯ ಆವೃತ್ತಿಯಲ್ಲಿಯೂ ಸೇರಿದವು. ಇದಕ್ಕೆ ಹಣ ವ್ಯಯಿಸಲು ಇಷ್ಟವಿಲ್ಲದವರು ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶವನ್ನು ಬಳಸಬಹುದು. ಮುಂದೆ ಹೇಳುವ ಕೆಲಸಗಳಿಗೆ ಅದು ಧಾರಾಳವಾಗಿ ಸಾಕು.

ಬೆಲ್ಲದ ಬಣ್ಣ

ನಮ್ಮ ಜಿಲ್ಲೆಯ ಸರಕನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಡಿ ಮಂಡ್ಯಕ್ಕೆ ಗೊತ್ತುಪಡಿಸಿರುವುದು ಬೆಲ್ಲ. ಹೈಡ್ರೋಸ್ ಹಾಕಿದ ಬೆಲ್ಲ ಹಳದಿಯಾಗಿ ಹೊಳೆಯುತ್ತದೆ; ರಾಸಾಯನಿಕ ಬಳಸದೆ ತೆಗೆದ ಬೆಲ್ಲ ಕಂದು ಬಣ್ಣದ್ದಾಗಿರುತ್ತದೆ. ಈಚಿನ ವರ್ಷಗಳಲ್ಲಿ ದೂರದ ಊರುಗಳ ಗ್ರಾಹಕರು ಈ ಕಂದು ಬೆಲ್ಲವನ್ನೇ ಕೇಳಿ, ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಿದ್ದಾರೆ. ಅವರು ಸರಕನ್ನು ಮುಟ್ಟಿ, ಮುರಿದು, ಬಾಯಿಗೆ ಹಾಕಿ ನೋಡಲಾರರು. ಅವರ ಮುಂದಿರುವುದು ಛಾಯಾಚಿತ್ರ ಮಾತ್ರ.

ಆಲೆಮನೆಯ ಒಳಗೆ ಬಲ್ಬಿನ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಅಚ್ಚು ಬೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಮೋಡದ ದಿನ ನೆರಳಿನಲ್ಲಿ ತೆಗೆದರೆ ನೀಲಿಯ ಛಾಯೆ ಕೂಡಿಕೊಂಡು ಕಳೆಗುಂದುತ್ತದೆ. ಇವೆರಡೂ ಕ್ಯಾಮೆರಾದ ದೋಷಗಳು, ಇವನ್ನು ತಿದ್ದುವುದು ನ್ಯಾಯವಾದ ಕೆಲಸ. ಅದಕ್ಕೆ ಸುಲಭವಾದ ಉಪಾಯವೊಂದುಂಟು. ಚಿತ್ರ ತೆಗೆಯುವಾಗ ಬೆಲ್ಲದ ಪಕ್ಕದಲ್ಲಿ ಅದೇ ಬೆಳಕು ಬೀಳುವಂತೆ ಬೂದು ಬಣ್ಣದ ರಟ್ಟನ್ನೋ ಸಾಧಾರಣ ಬಿಳಿ ಕಾಗದವನ್ನೋ ಇಟ್ಟು ಒಂದು ಚಿತ್ರ ತೆಗೆದುಕೊಳ್ಳಬೇಕು. ಫೋಟೋಶಾಪ್‌ನಲ್ಲಿ ಲೆವೆಲ್ಸ್ ಎಂಬ ಹೊಂದಾಣಿಕೆಯನ್ನು ತೆರೆದರೆ ಮೂರು ಪುಟ್ಟ ಪಿಪೆಟ್ಟುಗಳ ಗುರುತು ಕಾಣುತ್ತದೆ. ನಡುವಿನದನ್ನು ಆಯ್ದು ಆ ರಟ್ಟಿನ ಮೇಲೆ ಒತ್ತಿದೊಡನೆ ಇಡೀ ಚಿತ್ರದ ಬಣ್ಣದ ಛಾಯೆ ಕಳೆದು, ಬೆಲ್ಲ ಕಣ್ಣಿಗೆ ಕಂಡಿದ್ದ ಬಣ್ಣಕ್ಕೆ ಬರುತ್ತದೆ. ಇದೇ ಹೊಂದಾಣಿಕೆಯನ್ನು ಅದೇ ಬೆಳಕಿನಲ್ಲಿ ತೆಗೆದ ಉಳಿದ ಚಿತ್ರಗಳಿಗೂ ಅನ್ವಯಿಸಬಹುದು. ಲೆವೆಲ್ಸ್‌ನ ಕೆಳಗಿರುವ ಮೂರು ತ್ರಿಕೋನಗಳಲ್ಲಿ ಎಡಗಡೆಯದು ಕಪ್ಪನ್ನೂ ಬಲಗಡೆಯದು ಬಿಳುಪನ್ನೂ ನಿಗದಿಪಡಿಸುತ್ತದೆ. ನಡುವಿನದನ್ನು ಎಡಕ್ಕೆ ಸರಿಸಿದರೆ ಚಿತ್ರ ತಿಳಿಯಾಗುತ್ತದೆ. “ಬ್ರೈಟ್ ಮಾಡಪ್ಪ” ಎನ್ನುವ ಬದಲು ಈ ನಡುವಿನ ತ್ರಿಕೋನವನ್ನು ಸರಿಸಲು ಹೇಳಿದಲ್ಲಿ, ಬೆಲ್ಲದ ಹರಳುಹರಳಾದ ಮೈ ಅಳಿಸಿಹೋಗದೆ ಉಳಿಯುತ್ತದೆ.

ಈ ಹೊಂದಾಣಿಕೆಯನ್ನು ಮೂಲ ಚಿತ್ರದ ಮೇಲೆ ನೇರವಾಗಿ ಮಾಡದೆ ಅಡ್ಜಸ್ಟ್‌ಮೆಂಟ್ ಲೇಯರ್ ಎಂಬ ಪ್ರತ್ಯೇಕ ಪದರದಲ್ಲಿ ಮಾಡಿಸತಕ್ಕದ್ದು. ಆಗ ಮೂಲ ಚಿತ್ರ ಹಾಗೆಯೇ ಇರುತ್ತದೆ. ನಾಳೆ ಬೇಡವೆನಿಸಿದರೆ ಪದರವನ್ನು ತೆಗೆದುಹಾಕಿದರಾಯಿತು.

ಕಂದು ಬೆಲ್ಲವನ್ನು ಹ್ಯೂ ಹಾಗೂ ಸ್ಯಾಚುರೇಷನ್ ಹಿಡಿಗಳಿಂದ ಹೊಂಬಣ್ಣಕ್ಕೆ ತಿರುಗಿಸುವುದು, ಅಥವಾ ಹೈಡ್ರೋಸ್ ಬೆಲ್ಲವನ್ನು ಕಂದಾಗಿಸಿ ‘ಸಾವಯವ’ ಎಂದು ಬರೆಯುವುದು ಬೇರೆಯೇ ಮಾತು. ಗಣಕಯಂತ್ರದಲ್ಲಿ ಎರಡಕ್ಕೂ ಹಿಡಿಯುವ ಕಾಲ ಅರ್ಧ ನಿಮಿಷವಷ್ಟೆ, ಆದುದರಿಂದಲೇ ಅಪಾಯ ಹೆಚ್ಚು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸರಕಿನ ಸ್ವರೂಪ, ಗುಣಮಟ್ಟ ಅಥವಾ ಪ್ರಮಾಣದ ಬಗ್ಗೆ ಗ್ರಾಹಕರನ್ನು ದಾರಿತಪ್ಪಿಸಬಲ್ಲ ಜಾಹೀರಾತುಗಳಿಗೆ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದಲ್ಲಿ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಆನ್‌ಲೈನ್ ಮಾರಾಟಕ್ಕೆ ಸಂಬಂಧಿಸಿದ 2020ರ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣಗಳಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದಂಡದ ಮಾತು ಹಾಗಿರಲಿ, ಬೆಂಗಳೂರಿಗೋ ಪುಣೆಗೋ ಹೋದ ಪೆಟ್ಟಿಗೆ ಹೋಗಿಬರುವ ಸಾಗಣೆ ವೆಚ್ಚದೊಂದಿಗೆ ಮರಳಿ ಬಂದರೆ ಆ ಪೆಟ್ಟಿಗೆಯ ಲಾಭ ಮುಗಿದಂತೆಯೇ. ರೇಷ್ಮೆ ವಸ್ತ್ರದ ವ್ಯಾಪಾರಿಗಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಕಲೆ ತೆಗೆಯುವ ಕುಂಚ

ಕ್ಲೋನ್ ಸ್ಟ್ಯಾಂಪ್ ಎಂಬ ಉಪಕರಣ ಚಿತ್ರದ ಒಂದು ಭಾಗವನ್ನು ಇದ್ದಂತೆಯೇ ನಕಲಿಸಿ ಇನ್ನೊಂದೆಡೆ ಅಂಟಿಸುತ್ತದೆ. ಹೀಲಿಂಗ್ ಬ್ರಷ್ ಆಯ್ದ ಜಾಗದ ಮೈವಳಿಕೆಯನ್ನು ಮಾತ್ರ ತಂದು, ಬಣ್ಣ ಹಾಗೂ ಬೆಳಕನ್ನು ಕಲೆಯ ಸುತ್ತಲಿನ ಭಾಗಕ್ಕೆ ಹೊಂದಿಸಿಕೊಳ್ಳುತ್ತದೆ. ಎರಡರಲ್ಲಿಯೂ ಆಲ್ಟ್ ಕೀಲಿಯನ್ನು ಹಿಡಿದು ಮೊದಲು ಒಳ್ಳೆಯ ಜಾಗವನ್ನು ಆರಿಸಿ, ನಂತರ ಕಲೆಯ ಮೇಲೆ ಎಳೆಯಬೇಕು. ಎಳನೀರಿನ ಚಿತ್ರದ ಹಿನ್ನೆಲೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಚೂರು, ಮೇಜಿನ ಮೇಲಿನ ಎಣ್ಣೆಯ ಕಲೆ, ಗೋಡೆಯ ಮೊಳೆ ಇಂಥವನ್ನು ತೆಗೆಯಲು ಅಡ್ಡಿಯಿಲ್ಲ. ಕಾಯಿಯ ಮೇಲಿನ ಕೊಳೆತ ಮಚ್ಚೆಯನ್ನು ಅಳಿಸಿದರೆ ಮಾತ್ರ ಅದು ಬೆಲ್ಲದ ಬಣ್ಣ ಬದಲಿಸಿದ ಸಾಲಿಗೇ ಸೇರುತ್ತದೆ.

ಈ ಕುಂಚಗಳು ನಿಜವಾಗಿ ಬೆಲೆ ಬಾಳುವುದು ಹಳೆಯ ಭಾವಚಿತ್ರಗಳ ದುರಸ್ತಿಯಲ್ಲಿ. ಅನೇಕ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಸಂಸ್ಥಾಪಕರ ಕಪ್ಪುಬಿಳುಪು ಚಿತ್ರವೊಂದು ಹಾರದೊಳಗೆ ಇದ್ದೇ ಇರುತ್ತದೆ. ಗಂಧದಕಡ್ಡಿಯ ಹೊಗೆ, ಮಳೆಗಾಲದ ಬೂಷ್ಟು, ಗಾಜಿಗೆ ಅಂಟಿಕೊಂಡ ಮೂಲೆಗಳಿಂದ ಅವು ವರ್ಷದಿಂದ ವರ್ಷಕ್ಕೆ ಅಳಿಯುತ್ತಿವೆ. ಗಾಜಿಗೆ ಅಂಟಿದ ಚಿತ್ರವನ್ನು ಬಲವಂತದಿಂದ ಬಿಡಿಸದೆ ಗಾಜಿನೊಂದಿಗೇ ಚಿತ್ರ ತೆಗೆಸುವುದು ಲೇಸು. ಬಿಡಿಯಾಗಿರುವುದನ್ನು 600 ಡಿಪಿಐ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಿಸಿ, ಹೊಸ ಖಾಲಿ ಪದರವೊಂದರ ಮೇಲೆ ಗೀರುಗಳನ್ನು ಒಂದೊಂದಾಗಿ ಮುಚ್ಚಿಸಬೇಕು. ಹಿಂದಿನ ಸ್ಟುಡಿಯೋಗಳಲ್ಲಿ ಇದೇ ಕೆಲಸವನ್ನು ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ಲಿನಿಂದ ಮಾಡುತ್ತಿದ್ದರು. ಆ ಕೈಗಳಿಗೆ ಸಂಯಮವಿತ್ತು. ಇಂದು ಒಂದೇ ಗುಂಡಿಯಲ್ಲಿ ಮುಖವನ್ನು ನುಣುಪುಗೊಳಿಸುವ, ಬಣ್ಣ ತುಂಬುವ ಸೌಲಭ್ಯಗಳು ಬಂದಿವೆ. ಅವುಗಳ ಕೈಗೆ ಸಿಕ್ಕ ಅಜ್ಜನ ಮುಖ ಬೇರೆ ಯಾರದೋ ಮುಖವಾಗಿ ಹೊರಬರುವುದುಂಟು. ಕಣ್ಣು, ಮೂಗು, ಬಾಯಿಯ ಭಾಗಕ್ಕೆ ಸ್ವಯಂಚಾಲಿತ ಉಪಕರಣ ಬೇಡವೆಂದು ಮೊದಲೇ ತಿಳಿಸುವುದು ಕ್ಷೇಮ.

ಧನಲಕ್ಷ್ಮಿ ದನಲಕ್ಷ್ಮಿಯಾಗದಿರಲು

ಇನ್ನು ಅಕ್ಷರಗಳ ವಿಚಾರ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದ ಮೇಲರ್ಧದಲ್ಲಿ ಶೇಕಡ 60ರಷ್ಟು ಕನ್ನಡವಿರುವುದು ಕಡ್ಡಾಯ. ನಮ್ಮ ಭಾಗದಲ್ಲಿ ಕನ್ನಡ ಫಲಕಗಳಿಗೆ ಎಂದೂ ಕೊರತೆಯಿರಲಿಲ್ಲ. ಕೊರತೆಯಿರುವುದು ಓದಲು ಬರುವ ಫಲಕಗಳಿಗೆ.

ಸ್ಟ್ರೋಕ್, ಡ್ರಾಪ್ ಶ್ಯಾಡೋ, ಬೆವೆಲ್ ಮುಂತಾದ ಅಲಂಕಾರಗಳನ್ನು ರೂಪಿಸಿದವರ ಕಣ್ಮುಂದೆ ಇದ್ದದ್ದು ರೋಮನ್ ಲಿಪಿ. ಕನ್ನಡದ ಅಕ್ಷರ ದುಂಡಗಿದ್ದು, ಅದರ ತಲೆಕಟ್ಟಿಗೂ ಮೈಗೂ ನಡುವೆ ಕಿರಿದಾದ ಸಂದು ಇರುತ್ತದೆ. ಧ, ಢ, ಭ, ಫ ಅಕ್ಷರಗಳನ್ನು ಅವುಗಳ ಅಲ್ಪಪ್ರಾಣದಿಂದ ಬೇರ್ಪಡಿಸುವುದು ಬುಡದಲ್ಲಿರುವ ಒಂದು ಪುಟ್ಟ ಸೀಳುಗೆರೆ. ದಪ್ಪನೆಯ ಅಂಚುಗೆರೆ ಕೊಟ್ಟು ಅದರ ಮೇಲೆ ಬೆವೆಲ್‌ನಿಂದ ಉಬ್ಬಿಸಿದರೆ ಮೊದಲು ಮುಚ್ಚಿಹೋಗುವುದು ಈ ಗೆರೆಯೇ. ಧನಲಕ್ಷ್ಮಿಯ ಹೆಸರಿಟ್ಟುಕೊಂಡ ಅಂಗಡಿ ಎದುರು ರಸ್ತೆಯಿಂದ ದನಲಕ್ಷ್ಮಿಯಾಗಿ ಕಾಣುತ್ತದೆ. ಪಶು ಆಹಾರದ ಅಂಗಡಿಯಾದರೆ ಸರಿಹೋದೀತು! ಅಂಚುಗೆರೆ ಬೇಕೇಬೇಕೆಂದಿದ್ದಲ್ಲಿ ಅದನ್ನು ಅಕ್ಷರದ ಪದರಕ್ಕೆ ನೇರವಾಗಿ ಕೊಡದೆ, ಅದೇ ಅಕ್ಷರಗಳ ಇನ್ನೊಂದು ಪ್ರತಿಯನ್ನು ಕೆಳಗಿನ ಪದರದಲ್ಲಿಟ್ಟು ಅದಕ್ಕೆ ಕೊಡಬೇಕು. ಆಗ ಮೇಲಿನ ಅಕ್ಷರದ ರೂಪ ಕೆಡುವುದಿಲ್ಲ. ಬಳಿಕ ಪರದೆಯ ಮೇಲಿನ ಚಿತ್ರವನ್ನು ಅಂಚೆಚೀಟಿಯಷ್ಟಕ್ಕೆ ಕುಗ್ಗಿಸಿ ಓದಿ ನೋಡಿದರೆ ದೂರದಿಂದ ಹೇಗೆ ಕಾಣುವುದೆಂದು ಅಂದಾಜಾಗುತ್ತದೆ.

ನೆರಳಿನ ವಿಷಯದಲ್ಲಿ ಒಂದೇ ಮಾತು: ಚಿತ್ರದಲ್ಲಿ ಬೆಳಕು ಎಡದಿಂದ ಬಿದ್ದಿದ್ದರೆ ಅಕ್ಷರದ ನೆರಳೂ ಬಲಕ್ಕೆ ಬೀಳಬೇಕು.

ಸಾಲುಗಳ ಅಂತರದಲ್ಲಿಯೂ ಎಚ್ಚರಿಕೆ ಅಗತ್ಯ. ತಂತ್ರಾಂಶವು ತಾನಾಗಿ ಕೊಡುವ ಅಂತರ ಅಕ್ಷರದ ಅಳತೆಯ ಶೇಕಡ 120. ಮೇಲಿನ ಸಾಲಿನ ಒತ್ತಕ್ಷರವೂ ಕೆಳಗಿನ ಸಾಲಿನ ಗುಡಿಸೂ ಪರಸ್ಪರ ತಾಗದಿರಲು 140ರಿಂದ 150ರವರೆಗೆ ಬೇಕಾದೀತು. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿ ಸಾಲನ್ನು ಹಿಗ್ಗಿಸುವ ಅಭ್ಯಾಸವನ್ನಂತೂ ಬಿಡಿಸಲೇಬೇಕು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಬಗೆಯ ಅಕ್ಷರಶೈಲಿಗಳಲ್ಲಿ ದೀರ್ಘ, ಕೊಂಬು, ಒತ್ತುಗಳು ಬಿಡಿಬಿಡಿ ತುಂಡುಗಳಾಗಿರುವುದರಿಂದ, ಹಿಗ್ಗಿಸಿದಾಗ ಅವು ತಮ್ಮ ಅಕ್ಷರವನ್ನು ಬಿಟ್ಟು ದೂರ ಸರಿಯುತ್ತವೆ.

ಈ ಹಳೆಯ ಶೈಲಿಗಳಿಗೆ ಮತ್ತೊಂದು ತೊಡಕಿದೆ. ಅವುಗಳಲ್ಲಿ ಬೆರಳಚ್ಚಿಸಿದ್ದು ಕಡತದಲ್ಲಿ ಉಳಿಯುವುದು ರೋಮನ್ ಅಕ್ಷರಗಳ ಸಂಕೇತಗಳಾಗಿ. ಆ ಶೈಲಿಯಿಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್ ಕನ್ನಡಕ್ಕೆ ಈ ದೋಷವಿಲ್ಲ. ಆದರೆ ಫೋಟೋಶಾಪ್‌ನಲ್ಲಿ ‘ವರ್ಲ್ಡ್ ರೆಡಿ’ ಎಂಬ ವಿನ್ಯಾಸದ ಆಯ್ಕೆ ಜಾರಿಯಲ್ಲಿಲ್ಲದಿದ್ದರೆ ಒತ್ತಕ್ಷರಗಳು ಒಡೆದು ಅರ್ಧಾಕ್ಷರಗಳಾಗಿ ಸಾಲಾಗಿ ನಿಲ್ಲುತ್ತವೆ. ‘ಯೂನಿಕೋಡ್ ಬರೋದಿಲ್ಲ ಸರ್’ ಎಂಬ ಉತ್ತರ ಬಂದಲ್ಲಿ, ಟೈಪ್ ಪ್ರಿಫರೆನ್ಸಸ್‌ನಲ್ಲಿ ಈ ಆಯ್ಕೆಯನ್ನು ನೋಡಲು ಸೂಚಿಸಬಹುದು. ಗಿಂಪ್‌ನಲ್ಲಿ ಈ ಜಂಜಾಟವಿಲ್ಲ.

ಕಡತ ಯಾರದು?

ಲೇಬಲ್ ಮುದ್ರಣಕ್ಕೆ ಇಂಚಿಗೆ 300 ಬಿಂದುಗಳು ಬೇಕು; ಅಂದರೆ 3 ಇಂಚು ಅಗಲ, 4 ಇಂಚು ಎತ್ತರದ ಲೇಬಲ್ಲಿಗೆ 900 ಹಾಗೂ 1200 ಬಿಂದುಗಳು. ದೂರದಿಂದ ನೋಡುವ ಹತ್ತು ಅಡಿಯ ಫಲಕಕ್ಕೆ ಇಂಚಿಗೆ 72 ಇದ್ದರೂ ನಡೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದ ಚಿತ್ರ ಕುಗ್ಗಿರುವುದರಿಂದ, ಅದನ್ನು ಡಾಕ್ಯುಮೆಂಟ್ ರೂಪದಲ್ಲಿಯೇ ಕಳುಹಿಸತಕ್ಕದ್ದು. ಪರದೆಯ ಮೇಲೆ ಹೊಳೆಯುವ ಬಣ್ಣ ಮುದ್ರಣದ ನಾಲ್ಕು ಶಾಯಿಗಳಲ್ಲಿ ಮಂಕಾಗುತ್ತದೆ. ಸಾವಿರಾರು ಲೇಬಲ್ಲುಗಳಿಗೆ ಒಪ್ಪಿಗೆ ಕೊಡುವ ಮುನ್ನ ಒಂದು ಮಾದರಿಯನ್ನು ಅಚ್ಚು ಹಾಕಿಸಿ, ಹಗಲು ಬೆಳಕಿನಲ್ಲಿ ಬೆಲ್ಲದ ಪಕ್ಕ ಹಿಡಿದು ನೋಡಬೇಕು.

ಕೆಲಸ ಮುಗಿದ ಮೇಲೆ ಬಹುತೇಕ ವರ್ತಕರು ಪಡೆದುಕೊಳ್ಳುವುದು ಜೆಪೆಗ್ ಚಿತ್ರವೊಂದನ್ನು ಮಾತ್ರ. ಅದರಲ್ಲಿ ಪದರಗಳೆಲ್ಲ ಒಂದಾಗಿ ಬೆಸೆದುಹೋಗಿರುತ್ತವೆ. ದೂರವಾಣಿ ಸಂಖ್ಯೆ ಬದಲಾದರೂ, ತೂಕ 500 ಗ್ರಾಂನಿಂದ 1 ಕಿಲೋಗೆ ಏರಿದರೂ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾಗುತ್ತದೆ. ಆ ವೇಳೆಗೆ ವಿನ್ಯಾಸಕಾರ ಬೆಂಗಳೂರಿಗೆ ಹೋಗಿರುತ್ತಾನೆ. ಆದುದರಿಂದ ದರ ಮಾತನಾಡುವಾಗಲೇ ಪದರಗಳಿರುವ ಪಿಎಸ್‌ಡಿ ಕಡತ, ಬಳಸಿದ ಅಕ್ಷರಶೈಲಿಯ ಹೆಸರು ಹಾಗೂ ತಿದ್ದದಿರುವ ಮೂಲ ಛಾಯಾಚಿತ್ರ ಈ ಮೂರನ್ನೂ ಪೆನ್‌ಡ್ರೈವ್‌ನಲ್ಲಿ ಕೊಡಬೇಕೆಂದು ನಿಗದಿಪಡಿಸಿಕೊಂಡು, ಅದನ್ನು ಬಿಲ್ಲಿನಲ್ಲಿಯೇ ನಮೂದಿಸಿಕೊಳ್ಳುವುದು ಸೂಕ್ತ.