ಮೂರು ಹುಲಿ, ಹದಿನೈದು ಕುರಿ

ಮಕ್ಕಳೇ, ಮೂರು ಹುಲಿಗಳಿಗೂ ಹದಿನೈದು ಕುರಿಗಳಿಗೂ ಜಗಳವಾದರೆ ಗೆಲ್ಲುವವರು ಯಾರು? ‘ಹುಲಿಯೇ’ ಎನ್ನುತ್ತೀರಿ. ಕಾಡಿನಲ್ಲಾದರೆ ಅದು ಸರಿ. ಹುಲಿ-ಕುರಿ ಆಟದಲ್ಲಿ ಮಾತ್ರ ಹಾಗೆ ಹೇಳುವಂತಿಲ್ಲ. ಕುರಿಗಳು ಒಂದಕ್ಕೊಂದು ಆಸರೆಯಾಗಿ ನಿಂತರೆ ಹುಲಿಗಳು ಕೂತಲ್ಲೇ ಕೂರಬೇಕಾಗುತ್ತದೆ.

ಇದನ್ನೇ ಕೆಲವರು ಆಡು-ಹುಲಿ ಆಟ ಎನ್ನುತ್ತಾರೆ. ತಮಿಳುನಾಡು, ಆಂಧ್ರಗಳಲ್ಲೂ ಇದನ್ನು ಆಡುತ್ತಾರೆ. ನೇಪಾಳದಲ್ಲಿ ಇದರ ದಾಯಾದಿ ‘ಬಾಘ್‌ಚಾಲ್’ ಇದೆ. ಅಲ್ಲಿ 4 ಹುಲಿ, 20 ಆಡು. ಹಂಪಿಗೆ ಹೋದಾಗ ಕಂಬಗಳನ್ನಷ್ಟೇ ನೋಡಬೇಡಿ, ಕಾಲ ಕೆಳಗಿನ ಕಲ್ಲುಹಾಸನ್ನೂ ನೋಡಿ. ಹಿಂದಿನವರು ಕೂತು ಆಡಲು ಕೆತ್ತಿಕೊಂಡ ಆಟದ ಮನೆಗಳು ಅಲ್ಲಲ್ಲಿ ಕಾಣುತ್ತವೆ.

ಸಾಮಾನಿಗೆ ಕಾಸು ಬೇಡ. ಕುರಿಗಳಿಗೆ 15 ಹುಣಸೆ ಬೀಜ, ಹುಲಿಗಳಿಗೆ 3 ಗುಂಡಿ ಅಥವಾ ಕಲ್ಲು. ಇನ್ನು ಒಂದು ಸೀಮೆಸುಣ್ಣ.

ಮೊದಲು ಬೆಟ್ಟದಂಥ ಒಂದು ದೊಡ್ಡ ತ್ರಿಕೋನ ಬರೆಯಿರಿ. ತುದಿಯಿಂದ ಬುಡದ ಗೆರೆಗೆ ಒಳಗಡೆ ಇನ್ನೆರಡು ಗೆರೆ ಎಳೆಯಿರಿ. ಈಗ ತುದಿಯಿಂದ ಇಳಿಯುವ ಗೆರೆಗಳು ನಾಲ್ಕಾದವು. ಬೆಟ್ಟದ ನಡುಭಾಗಕ್ಕೆ ಅಡ್ಡಲಾಗಿ ಒಂದು ಉದ್ದನೆಯ ಆಯತ ಬರೆಯಿರಿ. ಅದರ ಎರಡು ಪಕ್ಕಗಳೂ ತ್ರಿಕೋನದ ಆಚೆಗೆ ಚಾಚಿರಬೇಕು. ಆಯತದ ನಟ್ಟನಡುವೆ ಇನ್ನೊಂದು ಅಡ್ಡಗೆರೆ. ಗೆರೆ ಗೆರೆ ಕೂಡುವ ಜಾಗವೇ ಮನೆ. ಎಣಿಸಿ: ತುದಿಯಲ್ಲಿ 1, ಮೂರು ಅಡ್ಡಸಾಲುಗಳಲ್ಲಿ ಆರಾರರಂತೆ 18, ಬುಡದಲ್ಲಿ 4. ಒಟ್ಟು 23. ಲೆಕ್ಕ ತಾಳೆಯಾಗದಿದ್ದರೆ ಗೆರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಒಂದು ಹುಲಿ ತುದಿಯಲ್ಲಿ ಕೂರುತ್ತದೆ. ಇನ್ನೆರಡು ಅದರ ಕೆಳಗೆ, ಮೊದಲ ಅಡ್ಡಸಾಲಿನ ನಡುವಿನ ಎರಡು ಮನೆಗಳಲ್ಲಿ. ಕುರಿಗಳೆಲ್ಲ ಕೈಯಲ್ಲೇ ಇರುತ್ತವೆ. ಕುರಿಯವರು ಒಂದು ಕುರಿಯನ್ನು ಖಾಲಿ ಮನೆಯಲ್ಲಿಡುತ್ತಾರೆ, ಹುಲಿಯವರು ಒಂದು ಹುಲಿಯನ್ನು ನಡೆಸುತ್ತಾರೆ. ಹದಿನೈದೂ ಕುರಿ ಇಳಿಯುವವರೆಗೆ ಇಟ್ಟ ಕುರಿಯನ್ನು ಅಲ್ಲಾಡಿಸುವಂತಿಲ್ಲ. ಆಮೇಲೆ ಕುರಿಯೂ ಹುಲಿಯಂತೆ ಗೆರೆ ಹಿಡಿದು ಪಕ್ಕದ ಖಾಲಿ ಮನೆಗೆ ನಡೆಯಬಹುದು.

ಹುಲಿಗೆ ಮಾತ್ರ ಹಾರಲು ಬರುತ್ತದೆ. ಪಕ್ಕದಲ್ಲಿ ಕುರಿ ಇದ್ದು, ಅದೇ ನೇರಗೆರೆಯಲ್ಲಿ ಅದರ ಆಚೆಯ ಮನೆ ಖಾಲಿ ಇದ್ದರೆ, ಹುಲಿ ಹಾರಿ ಅಲ್ಲಿ ಕೂರುತ್ತದೆ; ಕುರಿ ಅದರ ಪಾಲಾಗುತ್ತದೆ. ಒಂದು ಸರದಿಗೆ ಒಂದೇ ಕುರಿ. ಎರಡು ಕುರಿಗಳನ್ನು ಒಟ್ಟಿಗೆ ದಾಟುವಂತಿಲ್ಲ, ಇನ್ನೊಂದು ಹುಲಿಯ ಮೇಲೆ ಹಾರುವಂತಿಲ್ಲ. ಮೂರು ಹುಲಿಗಳೂ ನಡೆಯಲೂ ಹಾರಲೂ ಆಗದೆ ಸಿಕ್ಕಿಬಿದ್ದರೆ ಕುರಿಗಳಿಗೆ ಜಯ. ಎಷ್ಟು ಕುರಿ ತಿಂದರೆ ಹುಲಿಗೆ ಜಯ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಐದು ಎಂದಿಟ್ಟುಕೊಂಡರೆ ಆಟ ಚೆನ್ನಾಗಿ ಸಾಗುತ್ತದೆ.

ಈಗ ಗುಟ್ಟಿಗೆ ಬರೋಣ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದೂ ಬರೆದೂ ನನಗೆ ಏನನ್ನು ಕಂಡರೂ ಲೆಕ್ಕ ಹಾಕುವ ಚಾಳಿ. ಹುಲಿ ಎಂದೂ ಹಾರಿ ಹಿಡಿಯಲಾಗದ ಮನೆಗಳು ಎಷ್ಟಿವೆ? ತುದಿಯ ಮನೆಯನ್ನು ಬಿಟ್ಟರೆ, ಆಯತದ ನಾಲ್ಕು ಮೂಲೆ, ಬುಡದ ಎರಡು ಮೂಲೆ, ಒಟ್ಟು ಆರು. ಅಲ್ಲಿ ಗೆರೆ ಮುಗಿದುಹೋಗುತ್ತದೆ, ಆಚೆ ಇಳಿಯಲು ಮನೆಯೇ ಇಲ್ಲ. ಹಾಗಾಗಿ ಮೊದಲ ಕುರಿಗಳು ಅಲ್ಲಿಗೇ ಹೋಗಲಿ. ಅವುಗಳ ನಡುವಿನ ಅಂಚಿನ ಮನೆಗಳು ಆಮೇಲೆ ತಾವಾಗಿ ಭದ್ರವಾಗುತ್ತವೆ. ಹೀಗೆ ಅಂಚಿನಿಂದ ಒಳಕ್ಕೆ ಬನ್ನಿ. ಪ್ರತಿ ಕುರಿಯ ಬೆನ್ನಿಗೆ ಇನ್ನೊಂದು ಕುರಿ ಇರಲಿ. ಒಂಟಿ ಕುರಿಯೇ ಹುಲಿಯ ಊಟ.

ಹುಲಿಯವರಿಗೂ ಒಂದು ಮಾತು. ಮೂಲೆಗೆ ಹೋಗಬೇಡಿ. ಮೂಲೆಯಲ್ಲಿ ಕೂತ ಹುಲಿಯನ್ನು ಕಟ್ಟಿಹಾಕಲು ನಾಲ್ಕೇ ಕುರಿ ಸಾಕು. ಮೂರು ಹುಲಿಗಳೂ ಬೇರೆ ಬೇರೆ ಮೂಲೆ ಸೇರಿದರೆ ಹನ್ನೆರಡು ಕುರಿಗಳಲ್ಲೇ ಆಟ ಮುಗಿಯಬಹುದು. ಕುರಿಗಳು ಒಟ್ಟುಗೂಡುವ ಮೊದಲೇ ಅವು ಹೋಗಬೇಕಾದ ಮನೆಗೆ ಅಡ್ಡ ಕೂರುವುದು ಜಾಣತನ.

ಅಜ್ಜ-ಅಜ್ಜಿಯರಲ್ಲಿ ಒಂದು ಬಿನ್ನಹ. ಮೊಮ್ಮಗು ಮುಖ ಸಣ್ಣದು ಮಾಡಿಕೊಳ್ಳುತ್ತದೆಂದು ನಾವು ಬೇಕೆಂದೇ ಸೋಲುತ್ತೇವೆ. ಮಕ್ಕಳಿಗೆ ಅದು ಗೊತ್ತಾಗದೆ ಇರುವುದಿಲ್ಲ. ಗೊತ್ತಾದ ಮೇಲೆ ಗೆದ್ದ ಖುಷಿಯೂ ಉಳಿಯುವುದಿಲ್ಲ. ಈ ಆಟದಲ್ಲಿ ಆ ನಾಟಕ ಬೇಡ. ಎರಡು ಪಕ್ಷಗಳೂ ಮೊದಲೇ ಸಮವಲ್ಲವಲ್ಲ! ಹೊಸದಾಗಿ ಕಲಿಯುವ ಮಗುವಿಗೆ ಹುಲಿಗಳನ್ನು ಕೊಡಿ. ಹುಲಿಯ ನಡೆ ತಪ್ಪಿದರೆ ಮತ್ತೆ ಸರಿಪಡಿಸಿಕೊಳ್ಳಬಹುದು, ಹೋದ ಕುರಿ ಮಾತ್ರ ಹಿಂದಿರುಗದು. ನೀವು ಕುರಿಗಳನ್ನು ಹಿಡಿದು ಮನಸಾರೆ ಆಡಿ. ಕೈ ಪಳಗಿದ ಮೇಲೆ ಪಕ್ಷ ಬದಲಿಸಿ, ಒಂದು ನೋಟ್‌ಬುಕ್‌ನಲ್ಲಿ ಖಾತೆ ತೆರೆಯಿರಿ: ಹುಲಿಯಾಗಿದ್ದಾಗ ಯಾರು ಎಷ್ಟು ಕುರಿ ತಿಂದರು? ಎರಡೆರಡು ಆಟ ಸೇರಿಸಿ ನೋಡಿದರೆ ನಿಜವಾದ ಗೆಲುವು ಯಾರದೆಂದು ತಿಳಿಯುತ್ತದೆ.

ಮಕ್ಕಳೇ, ಮೊದಮೊದಲು ಆ ಖಾತೆಯಲ್ಲಿ ನಿಮ್ಮ ಕುರಿಗಳು ತುಂಬಾ ಕಳೆಯಬಹುದು. ಬೇಸರ ಬೇಡ. ನಷ್ಟ ಐದರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಇಳಿಯುವುದನ್ನು ನೋಡುತ್ತಿರಿ. ಒಂದು ದಿನ ಅಜ್ಜಿಯ ಮೂರು ಹುಲಿಗಳೂ ಅಲ್ಲಾಡದೆ ನಿಲ್ಲುತ್ತವೆ. ಆ ಗೆಲುವನ್ನು ಯಾರೂ ನಿಮಗೆ ಬಿಟ್ಟುಕೊಟ್ಟಿರುವುದಿಲ್ಲ, ಅದು ನೀವೇ ಸಂಪಾದಿಸಿದ್ದು.